ಅಮ್ಮನನ್ನು ಚುನಾವಣೆಗೆ ನಿಲ್ಲಿಸಿದ ಮಕ್ಕಳು

ಮನೆಯ ಯಜಮಾನಿಕೆ ಯಾರದು? ಈ ಪ್ರಶ್ನೆಗೆ ಮತ ಹಾಕಿ ಉತ್ತರ ಕಂಡುಕೊಂಡ ಕುಟುಂಬವೊಂದರ ಕಥೆ ಅರಬ್ಬಿ ಸಿನಿಮಾದಲ್ಲಿ ಐವತ್ತು ವರ್ಷಗಳ ಹಿಂದೆಯೇ ಬಂದಿದೆ. 1972ರಲ್ಲಿ ಈಜಿಪ್ಟಿನಲ್ಲಿ ತೆರೆಕಂಡ ‘ಇಂಬರಾತೂರಿಯತ್ ಮೀಮ್’ ಆ ಚಿತ್ರ. ‘ಮೀಮ್ ಸಾಮ್ರಾಜ್ಯ’ ಎನ್ನಬಹುದು. ಮೀಮ್ ಎಂದರೆ ಅರಬ್ಬಿಯ ‘ಮ’ ಅಕ್ಷರ. ಈ ಮನೆಯ ತಾಯಿ, ಮಕ್ಕಳು ಎಲ್ಲರ ಹೆಸರೂ ಅದರಿಂದಲೇ ಶುರು. ಸಾಮ್ರಾಜ್ಯ ಎಂಬ ಮಾತು ತಮಾಷೆಗೆ ಬಂದದ್ದು. ಆದರೆ ಆ ತಮಾಷೆಯೊಳಗೆ ಒಂದು ಗಂಭೀರ ವಿಚಾರವಿದೆ. ಸಾಮ್ರಾಜ್ಯವೆಂದ ಮೇಲೆ ಒಬ್ಬರು ಆಳುವವರು, ಉಳಿದವರು ಪ್ರಜೆಗಳು. ಪ್ರಜೆಗಳು ಬೆಳೆದು ದೊಡ್ಡವರಾದಾಗ ಏನಾಗುತ್ತದೆ ಎಂಬುದೇ ಇಡೀ ಸಿನಿಮಾ.

ಹದಿಹರೆಯದ ಮಕ್ಕಳು ಮನೆಯಲ್ಲಿ ಎದುರು ಮಾತಾಡಿದರೆ ಅದನ್ನು ನಾವು ಸಾಮಾನ್ಯವಾಗಿ ವಯಸ್ಸಿನ ತಲೆಗೆ ಕಟ್ಟುತ್ತೇವೆ. ‘ಈಗಿನ ಮಕ್ಕಳೇ ಹೀಗೆ’ ಎಂದು ಕೈ ಚೆಲ್ಲುತ್ತೇವೆ. ಈ ಚಿತ್ರ ಆ ಸುಲಭದ ಉತ್ತರವನ್ನು ಒಪ್ಪುವುದಿಲ್ಲ. ಮಕ್ಕಳ ಸಿಟ್ಟಿನ ಹಿಂದೆ ಒಂದು ರಾಜಕೀಯ ಬೇಡಿಕೆ ಇದೆ ಎಂದು ಅದು ತೋರಿಸುತ್ತದೆ. ಆ ಬೇಡಿಕೆ ಏನು, ಅದು ಆ ದೇಶದಲ್ಲಿ, ಆ ವರ್ಷದಲ್ಲೇ ಏಕೆ ಸಿನಿಮಾ ಆಯಿತು, ಇವತ್ತು ಅದನ್ನು ಏಕೆ ನೋಡಬೇಕು ಎಂಬುದನ್ನು ಒಂದೊಂದಾಗಿ ಬಿಡಿಸಿ ನೋಡೋಣ.

ಕಥೆ ಇಷ್ಟು

ಮುನಾ ಒಬ್ಬ ವಿಧವೆ. ಶಿಕ್ಷಣ ಇಲಾಖೆಯಲ್ಲಿ ಜವಾಬ್ದಾರಿಯ ಹುದ್ದೆಯಲ್ಲಿದ್ದಾಳೆ. ಆರು ಮಕ್ಕಳು. ಹಿರಿಯ ಮಗ ಮುಸ್ತಫಾ ಯೌವನಕ್ಕೆ ಕಾಲಿಟ್ಟಿದ್ದಾನೆ, ಕಿರಿಯರಿನ್ನೂ ಶಾಲೆಗೆ ಹೋಗುವವರು. ದುಡಿಯುವವಳೂ ಅವಳೇ, ಮನೆಯ ಲೆಕ್ಕ ಇಡುವವಳೂ ಅವಳೇ. ಮಕ್ಕಳು ಯಾರ ಜೊತೆ ಸೇರಬೇಕು, ಎಷ್ಟು ಹೊತ್ತಿಗೆ ಮನೆ ಸೇರಬೇಕು, ಕೈಖರ್ಚಿಗೆ ಎಷ್ಟು ಎಂದು ತೀರ್ಮಾನಿಸುವವಳೂ ಅವಳೇ. ಅವಳು ಕೆಟ್ಟವಳಲ್ಲ. ಮಕ್ಕಳಿಗಾಗಿ ಜೀವ ತೇಯುವವಳು. ತನ್ನ ಬದುಕಿಗೆ ಬಂದಿರುವ ಅಹ್ಮದ್ ಎಂಬ ಸಭ್ಯ ಗೃಹಸ್ಥನನ್ನು ಮದುವೆಯಾಗಬೇಕೆಂಬ ಆಸೆಯನ್ನೂ ಮಕ್ಕಳ ಮುಖ ನೋಡಿ ಮುಂದೂಡುತ್ತಾ ಬಂದವಳು.

ಮಕ್ಕಳ ದೂರು ಬೇರೆಯೇ. ಅಮ್ಮ ಪ್ರೀತಿಸುತ್ತಾಳೆ, ಸರಿ. ಆದರೆ ಯಾವ ತೀರ್ಮಾನದಲ್ಲೂ ನಮ್ಮ ಮಾತಿಗೆ ಜಾಗವಿಲ್ಲ. ನಮ್ಮ ಸ್ನೇಹ, ನಮ್ಮ ಹಣ, ನಮ್ಮ ಪ್ರೇಮ, ಎಲ್ಲದಕ್ಕೂ ಅಮ್ಮನ ಮೊಹರು ಬೀಳಬೇಕು. ಮುಸ್ತಫಾನ ವಾದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಹೊರಗೆ ಎಲ್ಲರೂ ಸ್ವಾತಂತ್ರ್ಯ, ಪ್ರಜಾಪ್ರಭುತ್ವ ಎನ್ನುತ್ತಾರೆ, ಮನೆಯೊಳಗೆ ಮಾತ್ರ ಒಬ್ಬರದೇ ಆಳ್ವಿಕೆ ಏಕೆ? ಜಗಳ ಬೆಳೆದು ಕೊನೆಗೆ ಮನೆಯಲ್ಲಿ ಚುನಾವಣೆಯೇ ನಡೆಯುತ್ತದೆ. ಮನೆಯನ್ನು ಯಾರು ನಡೆಸಬೇಕು ಎಂದು ಮಕ್ಕಳು ಮತ ಹಾಕುತ್ತಾರೆ. ಗೆಲ್ಲುವವಳು ಅಮ್ಮನೇ.

ಅಂತ್ಯ ಹೇಳಿಬಿಟ್ಟೆನಲ್ಲ ಎಂದು ಬೇಸರಿಸಬೇಡಿ. ಯಾರು ಗೆಲ್ಲುತ್ತಾರೆ ಎಂಬ ಕುತೂಹಲದಲ್ಲಿ ಈ ಚಿತ್ರದ ಜೀವ ಇಲ್ಲ. ಮೊದಲು ಕೂತಿದ್ದ ಕುರ್ಚಿಯಲ್ಲೇ ಅಮ್ಮ ಮತ್ತೆ ಕೂರುತ್ತಾಳೆ. ಹಾಗಾದರೆ ಬದಲಾದದ್ದೇನು? ಚಿತ್ರ ಮುಗಿದ ಮೇಲೂ ಉಳಿಯುವ ಪ್ರಶ್ನೆ ಅದು.

ಅಪ್ಪನ ಕಥೆ ಅಮ್ಮನದಾಯಿತು

ಮೂಲ ಕಥೆ ಬರೆದವರು ಈಜಿಪ್ಟಿನ ಜನಪ್ರಿಯ ಕಾದಂಬರಿಕಾರ, ಪತ್ರಕರ್ತ ಇಹ್ಸಾನ್ ಅಬ್ದೆಲ್ ಕುದ್ದೂಸ್. ಅವರ ಕಥೆಯಲ್ಲಿ ಮನೆಯ ಸಾಮ್ರಾಟ ಅಪ್ಪ. ಅದನ್ನು ಸಿನಿಮಾಕ್ಕೆ ತರುವಾಗ ನಾಯಕಿ ಫಾತೆನ್ ಹಮಾಮಾ ಅವರ ಒತ್ತಾಸೆಯಿಂದ ಅಪ್ಪನ ಜಾಗಕ್ಕೆ ಅಮ್ಮ ಬಂದಳು. ಕಥೆಯನ್ನು ಸಿನಿಮಾಕ್ಕೆ ಒಗ್ಗಿಸುವ ಕೆಲಸದಲ್ಲಿ, ಮುಂದೆ 1988ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ನಗೀಬ್ ಮಹ್ಫೂಝ್ ಅವರ ಕೈಯೂ ಇತ್ತು. ನಿರ್ದೇಶನ ಹುಸೇನ್ ಕಮಾಲ್ ಅವರದು.

ಈ ಒಂದು ಬದಲಾವಣೆಯಿಂದ ಕಥೆಯ ತೂಕವೇ ಬೇರೆಯಾಯಿತು. ಗದರುವ ಅಪ್ಪನ ವಿರುದ್ಧ ಮಕ್ಕಳು ದಂಗೆ ಏಳುವ ಕಥೆ ಈಜಿಪ್ಟಿಗೆ ಹೊಸದಲ್ಲ. ಮಹ್ಫೂಝ್ ಅವರೇ ‘ಬೈನಲ್ ಕಸ್ರೈನ್’ ಕಾದಂಬರಿಯಲ್ಲಿ ಅಂಥ ಅಪ್ಪನನ್ನು ಚಿತ್ರಿಸಿದ್ದರು. 1964ರಲ್ಲಿ ಅದು ಹಸನ್ ಅಲ್ ಇಮಾಮ್ ನಿರ್ದೇಶನದಲ್ಲಿ ಸಿನಿಮಾ ಕೂಡ ಆಯಿತು. ಆ ಮನೆಯ ಹೆಂಡತಿ ಅಮೀನಾ ಗಂಡ ಊರಲ್ಲಿಲ್ಲದಾಗ, ವರ್ಷಗಟ್ಟಲೆ ಆಸೆಪಟ್ಟಿದ್ದ ಹುಸೇನ್ ಮಸೀದಿಗೆ ಒಮ್ಮೆ ಹೋಗಿ ಬರುತ್ತಾಳೆ. ದಾರಿಯಲ್ಲಿ ವಾಹನ ತಗುಲಿ ಮೂಳೆ ಮುರಿಯುತ್ತದೆ, ಗುಟ್ಟು ರಟ್ಟಾಗುತ್ತದೆ. ಗಂಡ ಆಕೆ ಗುಣವಾಗುವ ತನಕ ಕಾಯುತ್ತಾನೆ, ಆಮೇಲೆ ತವರಿಗೆ ಅಟ್ಟುತ್ತಾನೆ. ಅಪ್ಪಣೆಯಿಲ್ಲದೆ ಹೊಸ್ತಿಲು ದಾಟಿದ್ದೇ ಅಪರಾಧ. ಹೆಂಡತಿ ಮಕ್ಕಳನ್ನು ಅಂಗೈಯಲ್ಲಿ ಹಿಡಿದಿಡುವ ಗಂಡಸನ್ನು ಈಜಿಪ್ಟಿನವರು ಇವತ್ತಿಗೂ ಆ ಪಾತ್ರದ ಹೆಸರಿನಿಂದ ‘ಸೀ ಸೈಯದ್’ ಎಂದೇ ಛೇಡಿಸುತ್ತಾರೆ.

ಅಂಥ ಅಪ್ಪನ ಮೇಲೆ ಸಿಟ್ಟಾಗುವುದು ಸುಲಭ. ಪ್ರೇಕ್ಷಕ ಯಾರ ಪಕ್ಷ ವಹಿಸಬೇಕೆಂದು ಯೋಚಿಸಬೇಕಾದ್ದೇ ಇಲ್ಲ. ಆದರೆ ಬೆಳಿಗ್ಗೆ ಎದ್ದು ಎಲ್ಲರನ್ನೂ ಹೊರಡಿಸಿ, ಕಚೇರಿಗೆ ಹೋಗಿ ದುಡಿದು, ರಾತ್ರಿ ಎಲ್ಲರೂ ಉಂಡರೋ ಇಲ್ಲವೋ ಎಂದು ನೋಡಿ ಮಲಗುವ ಅಮ್ಮನ ಮೇಲೆ ದಂಗೆ ಏಳುವುದು ಹೇಗೆ? ಅಪ್ಪನ ಅಧಿಕಾರ ಅಧಿಕಾರದ ವೇಷದಲ್ಲೇ ಬರುತ್ತದೆ. ಅಮ್ಮನದು ಆರೈಕೆಯ ರೂಪದಲ್ಲಿ ಬರುತ್ತದೆ. ಬೇಡ ಎನ್ನುವ ಮಗ ಕೃತಘ್ನನಂತೆ ಕಾಣುತ್ತಾನೆ. ‘ನಿನಗಾಗಿ ಇಷ್ಟೆಲ್ಲ ಮಾಡಿದೆ’ ಎಂಬ ಮಾತಿಗೆ ಯಾವ ಮಗುವಿನ ಬಳಿಯೂ ಉತ್ತರ ಇರುವುದಿಲ್ಲ. ಪ್ರೀತಿಯಿಂದ ನಡೆಯುವ ಆಳ್ವಿಕೆಯನ್ನೂ ಪ್ರಶ್ನಿಸಬಹುದು ಎಂದು ಈ ಚಿತ್ರ ಹೇಳುತ್ತದೆ. ಹೇಳುವಾಗ ಅಮ್ಮನನ್ನು ಖಳನಾಯಕಿಯನ್ನಾಗಿ ಮಾಡುವುದಿಲ್ಲ. ಚಿತ್ರಕಥೆಯ ಜಾಣತನ ಇರುವುದು ಇಲ್ಲಿ.

ಫಾತೆನ್ ಹಮಾಮಾ ಅವರ ಅಭಿನಯವೂ ಇದಕ್ಕೆ ಒತ್ತಾಗಿ ನಿಂತಿದೆ. 1940ರ ‘ಯೌಮ್ ಸಈದ್’ ಚಿತ್ರದಲ್ಲಿ ಪುಟ್ಟ ಹುಡುಗಿಯಾಗಿ ತೆರೆಗೆ ಬಂದವರು ಅವರು. ದಶಕಗಳ ಕಾಲ ಅಳುವ, ಸಹಿಸುವ, ಅನ್ಯಾಯಕ್ಕೆ ಒಳಗಾಗುವ ಹೆಣ್ಣಾಗಿ ಅರಬ್ ಜಗತ್ತಿನ ಪ್ರೀತಿ ಗಳಿಸಿದರು. ಹಾಗೆ ಮರುಕ ಪಡೆದೇ ಬೆಳೆದ ತಾರೆ ಇಲ್ಲಿ ಅಧಿಕಾರ ನಡೆಸುವವಳಾಗಿ ನಿಲ್ಲುತ್ತಾರೆ. ಪ್ರೇಕ್ಷಕರಿಗೆ ಅವರ ಮೇಲಿದ್ದ ಹಳೆಯ ಮಮತೆ ಮುನಾಳ ಬೆನ್ನಿಗೆ ನಿಲ್ಲುತ್ತದೆ, ಮಕ್ಕಳ ವಾದಕ್ಕೆ ತೊಡಕಾಗುತ್ತದೆ. ಅಹ್ಮದ್ ಪಾತ್ರದಲ್ಲಿರುವ ಅಹ್ಮದ್ ಮಝರ್ ಸಿನಿಮಾಕ್ಕೆ ಬರುವ ಮೊದಲು ಅಶ್ವದಳದ ಅಧಿಕಾರಿಯಾಗಿದ್ದವರು. 1963ರಲ್ಲಿ ಯೂಸುಫ್ ಶಾಹೀನ್ ಅವರ ಚಿತ್ರದಲ್ಲಿ ಸಲಾದಿನ್ ಆಗಿ ಮೆರೆದವರು. ಮಕ್ಕಳ ಗುಂಪಿನಲ್ಲಿ ಕಾಣುವ ಹಿಶಾಮ್ ಸೆಲೀಮ್, ಫುಟ್‌ಬಾಲ್ ದಿಗ್ಗಜ ಸಾಲೆಹ್ ಸೆಲೀಮ್ ಅವರ ಮಗ. ಅವರಿಗೆ ಇದು ಮೊದಲ ಚಿತ್ರ. ಮುಂದೆ ಹೆಸರಾಂತ ನಟರಾದರು.

ಬರೆದವರು ಜೈಲು ಕಂಡವರು

ಮನೆಯೊಳಗಿನ ಚುನಾವಣೆ ಎಂಬ ಕಲ್ಪನೆ ಎಲ್ಲಿಂದ ಬಂತು ಎಂದು ತಿಳಿಯಲು ಕಥೆಗಾರನ ಬದುಕಿನ ಕಡೆಗೂ ಒಮ್ಮೆ ನೋಡಬೇಕು. ಇಹ್ಸಾನ್ ಅವರ ತಾಯಿ ಫಾತಿಮಾ ಅಲ್ ಯೂಸುಫ್ ಹೆಸರಾಂತ ರಂಗನಟಿ. ರೋಸ್ ಅಲ್ ಯೂಸುಫ್ ಎಂದೇ ಪ್ರಸಿದ್ಧಿ. 1925ರಲ್ಲಿ ತನ್ನ ಹೆಸರಿನಲ್ಲೇ ಪತ್ರಿಕೆ ಆರಂಭಿಸಿ ಸರ್ಕಾರಗಳ ನಿದ್ದೆಗೆಡಿಸಿದ ಗಟ್ಟಿಗಿತ್ತಿ. ಅಂಥ ಅಮ್ಮನ ಕೈಕೆಳಗೆ ಮಗ ಪತ್ರಕರ್ತನಾದ, ಆಮೇಲೆ ಅದೇ ಪತ್ರಿಕೆಯ ಸಂಪಾದಕನಾದ. ಮನೆಯಲ್ಲೂ ಕಚೇರಿಯಲ್ಲೂ ಅಮ್ಮನ ಆಳ್ವಿಕೆ ಕಂಡ ಮಗ ಬರೆದ ಕಥೆ, ನಟಿಯೊಬ್ಬಳ ಒತ್ತಾಸೆಯಿಂದ ಕೊನೆಗೂ ಅಮ್ಮನ ಕಥೆಯೇ ಆದದ್ದು ಕಾಕತಾಳೀಯವಾದರೂ ಕುತೂಹಲದ್ದು.

1952ರಲ್ಲಿ ಸೇನಾಧಿಕಾರಿಗಳು ದೊರೆ ಫಾರೂಕ್‌ನನ್ನು ಇಳಿಸಿ ಅಧಿಕಾರ ಹಿಡಿದಾಗ ಇಹ್ಸಾನ್ ಅದನ್ನು ಸ್ವಾಗತಿಸಿದ್ದರು. ಆ ಅಧಿಕಾರಿಗಳಲ್ಲಿ ಒಬ್ಬರಾಗಿದ್ದು ಮುಂದೆ ಅಧ್ಯಕ್ಷರಾದ ನಾಸೆರ್ ಅವರ ಗೆಳೆಯರೂ ಆಗಿದ್ದರು. ಆದರೆ 1954ರಲ್ಲಿ, ಈಜಿಪ್ಟನ್ನು ಒಂದು ಗುಪ್ತ ಸಂಘ ಆಳುತ್ತಿದೆ ಎಂಬರ್ಥದ ಲೇಖನ ಬರೆದು ಅಧಿಕಾರಿಗಳ ಗುಂಪನ್ನು ಕೆಣಕಿದರು. ಪರಿಣಾಮವಾಗಿ ಸುಮಾರು ಮೂರು ತಿಂಗಳು ಸೆರೆಮನೆ. ಗೆಳೆಯರೇ ಆಳುವವರಾದಾಗ ಪ್ರಶ್ನೆ ಕೇಳುವುದು ಎಷ್ಟು ಕಷ್ಟ ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು. ಆಮೇಲಿನ ವರ್ಷಗಳಲ್ಲಿ ಅವರ ಲೇಖನಿ ಮನೆ, ಪ್ರೇಮ, ಹೆಣ್ಣುಮಕ್ಕಳ ಸ್ವಾತಂತ್ರ್ಯದ ಕಡೆ ಹೆಚ್ಚು ಹೊರಳಿತು. ‘ಅನಾ ಹುರ್ರಾ’ ಕಾದಂಬರಿ 1959ರಲ್ಲಿ ಸಲಾಹ್ ಅಬು ಸೈಫ್ ನಿರ್ದೇಶನದಲ್ಲಿ ಸಿನಿಮಾ ಆಗಿ, ತನ್ನ ದಾರಿಯನ್ನು ತಾನೇ ಹುಡುಕುವ ಯುವತಿಯ ಚರ್ಚೆಯನ್ನು ಮನೆಮನೆಗೆ ತಂದಿತು.

ನಿರ್ದೇಶಕ ಹುಸೇನ್ ಕಮಾಲ್ ಅವರಿಗೂ ಅಧಿಕಾರದ ವಿಷಯ ಹೊಸದಾಗಿರಲಿಲ್ಲ. 1969ರ ಅವರ ‘ಶೈ ಮಿನಲ್ ಖೌಫ್’ ಚಿತ್ರದಲ್ಲಿ ಹಳ್ಳಿಯೊಂದನ್ನು ಭಯದಲ್ಲಿ ಇರಿಸಿದ ಪಾಳೆಯಗಾರ, ಒಪ್ಪಿಗೆಯಿಲ್ಲದ ಹೆಣ್ಣನ್ನು ಬಲವಂತವಾಗಿ ಹೆಂಡತಿಯೆಂದು ಮನೆಗೆ ತರುತ್ತಾನೆ. ಒಪ್ಪಿಗೆ ಇಲ್ಲದ ಆ ಮದುವೆ ಮದುವೆಯೇ ಅಲ್ಲ ಎಂದು ಇಡೀ ಹಳ್ಳಿ ಕೊನೆಗೆ ಬೀದಿಗಿಳಿಯುತ್ತದೆ. ಜನ ಅದನ್ನು ದೇಶದ ಆಳ್ವಿಕೆಗೆ ಹಿಡಿದ ಕನ್ನಡಿಯೆಂದೇ ನೋಡಿದರು. ನಾಸೆರ್ ಸ್ವತಃ ನೋಡಿ ಬಿಡುಗಡೆಗೆ ಒಪ್ಪಿದರು ಎಂಬುದು ಈಜಿಪ್ಟ್ ಚಿತ್ರರಂಗದಲ್ಲಿ ಪ್ರಚಲಿತವಾಗಿರುವ ಮಾತು. ಒಪ್ಪಿಗೆ ಇಲ್ಲದ ಅಧಿಕಾರಕ್ಕೆ ಬೆಲೆ ಇಲ್ಲ ಎಂಬ ಆ ವಿಚಾರವೇ ಮೂರು ವರ್ಷಗಳ ಬಳಿಕ ಹಳ್ಳಿಯಿಂದ ನಗರದ ಮನೆಗೆ ಬಂತು. ಅಲ್ಲಿ ಅದು ಬೆಂಕಿ ಪಂಜಿನ ಮೆರವಣಿಗೆ. ಇಲ್ಲಿ ಮಡಚಿದ ಮತಚೀಟಿ.

ದೇಶದಲ್ಲಿ ಒಂದೇ ಹೆಸರು

1972ರಲ್ಲಿ ಈಜಿಪ್ಟಿನ ಪ್ರೇಕ್ಷಕರಿಗೆ ಈ ಮತಚೀಟಿ ಏಕೆ ಅಷ್ಟು ಮುಖ್ಯವಾಗಿ ಕಂಡಿರಬೇಕು? ಆಗ ಆ ದೇಶದಲ್ಲಿ ಅಧ್ಯಕ್ಷರ ಆಯ್ಕೆ ನಡೆಯುತ್ತಿದ್ದ ಬಗೆಯನ್ನು ನೋಡಿದರೆ ಅರ್ಥವಾಗುತ್ತದೆ. ಮತಪತ್ರದಲ್ಲಿ ಒಂದೇ ಹೆಸರು. ಬೇಕು ಅಥವಾ ಬೇಡ ಎನ್ನುವುದಷ್ಟೇ ಮತದಾರನ ಪಾಲು. 1956ರಲ್ಲಿ ನಾಸೆರ್ ಅವರಿಗೆ ಶೇ 99ಕ್ಕೂ ಹೆಚ್ಚು ಮತ ಬಿತ್ತು. 1970ರ ಸೆಪ್ಟೆಂಬರ್‌ನಲ್ಲಿ ನಾಸೆರ್ ತೀರಿಕೊಂಡ ಬಳಿಕ ಅನ್ವರ್ ಸಾದತ್ ಅವರನ್ನು ಸುಮಾರು ಶೇ 90 ಮತಗಳಿಂದ ಒಪ್ಪಲಾಯಿತು. ದೇಶದಲ್ಲಿ ಇದ್ದದ್ದು ಅರಬ್ ಸಮಾಜವಾದಿ ಒಕ್ಕೂಟ ಎಂಬ ಒಂದೇ ಪಕ್ಷ. ಒಂದಕ್ಕಿಂತ ಹೆಚ್ಚು ಅಭ್ಯರ್ಥಿಗಳು ನಿಂತ ಅಧ್ಯಕ್ಷೀಯ ಚುನಾವಣೆಯನ್ನು ಈಜಿಪ್ಟಿನ ಜನ ನೋಡಿದ್ದು 2005ರಲ್ಲಿ.

ಅಂದರೆ, ಚಿತ್ರಮಂದಿರದಲ್ಲಿ ಕೂತ ಪ್ರೇಕ್ಷಕ ತನ್ನ ದೇಶದ ಮುಖ್ಯಸ್ಥ ಸೋಲಬಹುದಾದ ಚುನಾವಣೆಯನ್ನು ಅದುವರೆಗೆ ಕಂಡೇ ಇರಲಿಲ್ಲ. ತೆರೆಯ ಮೇಲೆ ಮಾತ್ರ ಒಬ್ಬ ಅಮ್ಮ ಸೋಲುವ ಸಾಧ್ಯತೆಯನ್ನು ಒಪ್ಪಿಕೊಂಡು ನಿಲ್ಲುತ್ತಾಳೆ. ಮತ ಹಾಕುವವರು ಅವಳ ಅನ್ನ ಉಂಡವರು. ಯೌವನಕ್ಕೆ ಬಂದ ಮಗನ ಮತಕ್ಕೂ ಬ್ಯಾಗು ಹೊತ್ತು ಶಾಲೆಗೆ ಹೋಗುವ ಮಗನ ಮತಕ್ಕೂ ಒಂದೇ ಬೆಲೆ. ಎಣಿಕೆ ಮುಗಿಯುವ ತನಕ ಅವಳೂ ಕಾಯಲೇಬೇಕು. ಆಳುವವರು ಹೀಗೆ ಕಾಯುವುದನ್ನು ನೋಡುವುದೇ ಆಗಿನ ಈಜಿಪ್ಟಿನಲ್ಲಿ ಒಂದು ಅಪರೂಪದ ಅನುಭವ.

ಹೊರಗಿನ ಬೀದಿಯೂ ಆಗ ಬಿಸಿಯಾಗಿತ್ತು. 1967ರಲ್ಲಿ ಇಸ್ರೇಲ್ ಜೊತೆಗಿನ ಯುದ್ಧದಲ್ಲಿ ಸಿನಾಯ್ ಕಳೆದುಕೊಂಡ ಅವಮಾನ ಇನ್ನೂ ಹಸಿಯಾಗಿತ್ತು. ಈ ವಿಷಯದಲ್ಲಿ 1971 ನಿರ್ಣಾಯಕ ವರ್ಷ ಎಂದು ಸಾದತ್ ಸಾರಿದ್ದರು. ವರ್ಷ ಯಾವ ನಿರ್ಣಯವೂ ಇಲ್ಲದೆ ಕಳೆಯಿತು. 1972ರ ಜನವರಿಯಲ್ಲಿ ಅವರು ವಿಳಂಬಕ್ಕೆ ‘ಮಂಜು ಮುಸುಕಿದ’ ಅಂತರರಾಷ್ಟ್ರೀಯ ಪರಿಸ್ಥಿತಿಯ ಕಾರಣ ಕೊಟ್ಟಾಗ ಕೈರೋ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸಭಾಂಗಣ ಹಿಡಿದು ಕೂತರು. ಪೊಲೀಸರು ನುಗ್ಗಿ ಬಂಧಿಸಿದರು. ಪ್ರತಿಭಟನೆ ತಹ್ರೀರ್ ಚೌಕಕ್ಕೆ ಹರಡಿತು. ಅದೇ ವರ್ಷ ತೆರೆಗೆ ಬಂದ ಚಿತ್ರದಲ್ಲಿ ಯುವಕನೊಬ್ಬ ‘ನಮ್ಮ ಮಾತಿಗೂ ಬೆಲೆ ಬೇಕು’ ಎಂದು ಹಟ ಹಿಡಿದರೆ, ಅದು ಬರೀ ಅಮ್ಮ ಮಗನ ಜಗಳವಾಗಿ ಯಾರ ಕಿವಿಗೂ ಬಿದ್ದಿರಲಾರದು.

ನಾಯಕಿಯ ಬದುಕಿನಲ್ಲೂ ಈ ಕಾಲದ ಗಾಯವಿತ್ತು. ಗುಪ್ತಚರರ ಒತ್ತಡ ತಾಳಲಾರದೆ 1966ರಲ್ಲಿ ದೇಶ ಬಿಟ್ಟೆ ಎಂದು ಫಾತೆನ್ ಹಮಾಮಾ ಮುಂದೆ ಹೇಳಿಕೊಂಡರು. ಬೈರೂತ್, ಲಂಡನ್‌ಗಳಲ್ಲಿ ಕಾಲ ಕಳೆದು, ನಾಸೆರ್ ನಿಧನದ ಬಳಿಕ ತಾಯ್ನಾಡಿಗೆ ಮರಳಿ 1971ರಲ್ಲಿ ‘ಅಲ್ ಖೈತ್ ಅಲ್ ರಫೀ’ ಚಿತ್ರದಲ್ಲಿ ನಟಿಸಿದರು. ಅದೂ ಇಹ್ಸಾನ್ ಅವರದೇ ಕಥೆ. ಅದರ ಬೆನ್ನಿಗೆ ಬಂದದ್ದು ಈ ಚಿತ್ರ. ಇದು 1973ರ ಮಾಸ್ಕೋ ಚಿತ್ರೋತ್ಸವದ ಸ್ಪರ್ಧೆಗೂ ಹೋಯಿತು. ಸೋವಿಯತ್ ಮಹಿಳಾ ಸಂಘಟನೆ ಅವರಿಗೆ ವಿಶೇಷ ಪ್ರಶಸ್ತಿ ಕೊಟ್ಟಿತು.

ಕಾನೂನಿನ ಕಣ್ಣಲ್ಲಿ ಅಮ್ಮ

ಚಿತ್ರ ನೋಡುವಾಗ ತಿಳಿದಿರಬೇಕಾದ ಇನ್ನೊಂದು ವಿಚಾರವಿದೆ. ಮುನಾ ಮನೆಯೊಳಗೆ ಸಾಮ್ರಾಜ್ಞಿ, ನಿಜ. ಆದರೆ ಈಜಿಪ್ಟಿನ ಕಾನೂನು ಅವಳಂಥ ವಿಧವೆಗೆ ಅಷ್ಟು ಅಧಿಕಾರ ಕೊಟ್ಟಿರಲಿಲ್ಲ. 1952ರ ಕಾನೂನಿನ ಪ್ರಕಾರ ಅಪ್ಪ ತೀರಿಕೊಂಡರೆ ಅಪ್ರಾಪ್ತ ಮಕ್ಕಳ ಆಸ್ತಿಯ ಮೇಲ್ವಿಚಾರಣೆ ತಾನಾಗಿಯೇ ಅಮ್ಮನಿಗೆ ಬರುವುದಿಲ್ಲ. ಅಪ್ಪ ಬೇರೆಯವರನ್ನು ನೇಮಿಸದಿದ್ದರೆ ಅದು ಅಪ್ಪನ ಅಪ್ಪನಿಗೆ, ಅಂದರೆ ತಾತನಿಗೆ ಹೋಗುತ್ತದೆ. ಅಮ್ಮನಿಗೆ ಸಿಗಬೇಕಾದರೆ ನ್ಯಾಯಾಲಯ ನೇಮಿಸಬೇಕು, ಆಮೇಲೂ ಖರ್ಚಿನ ಲೆಕ್ಕವನ್ನು ನ್ಯಾಯಾಲಯಕ್ಕೆ ಒಪ್ಪಿಸುತ್ತಿರಬೇಕು. ಇನ್ನೊಂದು ಮದುವೆಯಾದರೆ ಚಿಕ್ಕ ಮಕ್ಕಳನ್ನು ತನ್ನ ಬಳಿ ಇಟ್ಟುಕೊಳ್ಳುವ ಹಕ್ಕಿಗೂ ಕುತ್ತು.

ಚಿತ್ರದ ಕಥೆ ಈ ದಾರಿ ಹಿಡಿಯುವುದಿಲ್ಲ. ಆದರೂ ಇದನ್ನು ಮನಸ್ಸಿನಲ್ಲಿಟ್ಟು ನೋಡಿದರೆ ಮುನಾಳ ಬಿಗಿ ಹಿಡಿತದ ಕಾರಣ ಹೊಳೆಯುತ್ತದೆ. ಒಬ್ಬ ಮಗ ದಾರಿ ತಪ್ಪಿದರೂ ಜನ ‘ಗಂಡು ದಿಕ್ಕಿಲ್ಲದ ಮನೆ’ ಎನ್ನುತ್ತಾರೆ. ಅವಳು ಮದುವೆಯಾದರೆ ‘ಮಕ್ಕಳನ್ನು ಬಿಟ್ಟು ಹೋದವಳು’ ಎನ್ನುತ್ತಾರೆ. ಅಪ್ಪನ ಅಧಿಕಾರಕ್ಕೆ ಕಾನೂನು, ಸಂಪ್ರದಾಯ ಎರಡರ ಬೆಂಬಲವೂ ಇದೆ. ಅಮ್ಮನ ಅಧಿಕಾರಕ್ಕೆ ಅವಳ ದುಡಿಮೆಯೊಂದೇ ಆಸರೆ. ಅದಕ್ಕೇ ಅದು ಸಡಿಲವಾಗಲು ಹೆದರುತ್ತದೆ.

ಈ ಕಾನೂನು ಹಳೆಯ ಮಾತಾಗಿ ಹೋಗಿಲ್ಲ. 2023ರ ರಮ್ಜಾನ್ ತಿಂಗಳಲ್ಲಿ ಪ್ರಸಾರವಾದ ‘ತಹ್ತ್ ಅಲ್ ವಿಸಾಯಾ’ ಧಾರಾವಾಹಿಯಲ್ಲಿ ಮುನಾ ಝಕಿ ಇಂಥದೇ ಕಟ್ಟಿನಲ್ಲಿ ಸಿಕ್ಕ ವಿಧವೆಯ ಪಾತ್ರ ಮಾಡಿದರು. ಅದರ ಬೆನ್ನಿಗೆ ಕಾನೂನು ಬದಲಾಗಬೇಕೆಂಬ ಚರ್ಚೆ ಈಜಿಪ್ಟಿನಲ್ಲಿ ಜೋರಾಗಿಯೇ ನಡೆಯಿತು.

ಒಂದು ಮನೆಯಿಂದ ಇನ್ನೊಂದು ಮನೆಗೆ

ಈಜಿಪ್ಟಿನ ಸಿನಿಮಾದಲ್ಲಿ ಮಕ್ಕಳೊಂದಿಗನ ಮನೆಯ ಕಥೆಗಳಿಗೆ ಒಂದು ಪರಂಪರೆಯೇ ಇದೆ. ಅದರಲ್ಲಿ ಮುಖ್ಯವಾದದ್ದು 1963ರ ‘ಉಮ್ಮುಲ್ ಅರೂಸಾ’, ಮದುಮಗಳ ತಾಯಿಯ ಕಥೆ. ನಿರ್ದೇಶನ ಆತೆಫ್ ಸಾಲೆಮ್. ಇಮಾದ್ ಹಮ್ದಿ ಮತ್ತು ತಹಿಯಾ ಕರಿಯೋಕಾ ಏಳು ಮಕ್ಕಳ ತಂದೆ ತಾಯಿ. ಬೆಳಗಾದರೆ ಸ್ನಾನದ ಕೋಣೆಗೆ ನೂಕುನುಗ್ಗಲು, ಗಲಾಟೆ, ಅಳು, ನಗು. ಹಿರಿಯ ಮಗಳ ಮದುವೆ ಗೊತ್ತಾಗುತ್ತದೆ. ಗಂಡಿನ ಕಡೆಯವರ ಎದುರು ಮರ್ಯಾದೆ ಉಳಿಸಿಕೊಳ್ಳಬೇಕು. ಗುಮಾಸ್ತನ ಸಂಬಳ ಸಾಲದು. ಕೊನೆಗೆ ಆ ಪ್ರಾಮಾಣಿಕ ಅಪ್ಪ ತನ್ನ ವಶದಲ್ಲಿರುವ ಕಚೇರಿಯ ಹಣಕ್ಕೆ ಕೈ ಹಾಕುತ್ತಾನೆ. ಮದುವೆಯ ಸಡಗರದ ನಡುವೆ ಅವನೊಬ್ಬ ಮಾತ್ರ ಯಾವಾಗ ಪೊಲೀಸರು ಬರುತ್ತಾರೋ ಎಂದು ಬೆವರುತ್ತಿರುತ್ತಾನೆ. ಸಹೋದ್ಯೋಗಿಯೊಬ್ಬ ಹಣ ತುಂಬಿ ಕಾಪಾಡುತ್ತಾನೆ. ಪ್ರೇಕ್ಷಕ ನಗುತ್ತಲೇ ಹಿಂಡಿಹೋಗುತ್ತಾನೆ.

ಅಲ್ಲಿ ಅಪ್ಪ ಅಮ್ಮನ ಸಂಕಟ ಹಣದ್ದು. ಮಕ್ಕಳಿಗೆ ಅದರ ಸುಳಿವಿಲ್ಲ, ಕೇಳುವ ಹಕ್ಕು ತಮಗಿದೆ ಎಂದೂ ಅವರಿಗೆ ಅನಿಸುವುದಿಲ್ಲ. ಒಂಬತ್ತು ವರ್ಷಗಳ ಬಳಿಕ ಬಂದ ಮುನಾಳ ಮಕ್ಕಳು ಕೇಳುವುದೇ ಆ ಹಕ್ಕನ್ನು. ಈ ಬದಲಾವಣೆ ಎಲ್ಲಿಂದ ಬಂತು? 1962ರಲ್ಲಿ ವಿಶ್ವವಿದ್ಯಾಲಯದ ಓದು ಉಚಿತವಾಯಿತು. ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಕಾಲೇಜಿಗೂ ಕಚೇರಿಗೂ ಬಂದರು. 1956ರಲ್ಲೇ ಅವರಿಗೆ ಮತದ ಹಕ್ಕು ಸಿಕ್ಕಿತ್ತು. ಓದಿದ ಮಕ್ಕಳು ಅಪ್ಪಣೆಗೆ ಮೊದಲು ಕಾರಣ ಕೇಳುತ್ತಾರೆ. ಮುನಾಳ ಕಷ್ಟ ಇರುವುದು ಇಲ್ಲೇ. ಪ್ರಶ್ನೆ ಕೇಳುವುದನ್ನು ಕಲಿಸುವ ಇಲಾಖೆಯಲ್ಲಿ ಅವಳಿಗೆ ಕೆಲಸ. ಕಲಿತ ಮಕ್ಕಳು ಮೊದಲ ಪ್ರಶ್ನೆಯನ್ನು ಅವಳಿಗೇ ಕೇಳಿದ್ದಾರೆ.

ಇದಾದ ಮೇಲೆ 1975ರಲ್ಲಿ ಫಾತೆನ್ ಹಮಾಮಾ ‘ಉರೀದು ಹಲ್ಲನ್’ ಚಿತ್ರದಲ್ಲಿ ವಿಚ್ಛೇದನಕ್ಕಾಗಿ ವರ್ಷಗಟ್ಟಲೆ ಕೋರ್ಟು ಅಲೆಯುವ ಹೆಂಡತಿಯಾದರು. ಮನೆಯೊಳಗಿನ ಹಕ್ಕಿನ ಪ್ರಶ್ನೆ ಅಲ್ಲಿ ನೇರವಾಗಿ ನ್ಯಾಯಾಲಯಕ್ಕೆ ಬಂತು. ಮುಂದೆ 1979ರಲ್ಲಿ ಕುಟುಂಬ ಕಾನೂನಿಗೆ ತಿದ್ದುಪಡಿ, 2000ದಲ್ಲಿ ಹೆಂಡತಿಯೇ ಮುಂದಾಗಿ ಮದುವೆಯಿಂದ ಬಿಡುಗಡೆ ಪಡೆಯುವ ಅವಕಾಶ ಬಂದವು. ಈ ಬದಲಾವಣೆಗಳ ಮಾತು ಬಂದಾಗಲೆಲ್ಲ ಈಜಿಪ್ಟಿನವರು ಆ ಚಿತ್ರವನ್ನು ನೆನೆಯುತ್ತಾರೆ.

ಎಲ್ಲಿ ಎಡವುತ್ತದೆ

ಹೊಗಳಿಕೆಯಷ್ಟೇ ಹೇಳಿದರೆ ವಿಶ್ಲೇಷಣೆ ಆಗದು. ‘ಮೀಮ್ ಸಾಮ್ರಾಜ್ಯ’ದ ಮನೆ ಅನುಕೂಲಸ್ಥರ ಮನೆ. ಕೈಖರ್ಚು ಎಷ್ಟು ಎಂಬ ಜಗಳ ನಡೆಯಬೇಕಾದರೆ ಮೊದಲು ಕೈಖರ್ಚು ಕೊಡುವಷ್ಟು ಹಣವಿರಬೇಕು. ‘ಉಮ್ಮುಲ್ ಅರೂಸಾ’ದ ಗುಮಾಸ್ತನ ಮನೆಯಲ್ಲಿ, ಅಥವಾ ಓದು ಬಿಟ್ಟು ದುಡಿಯುವ ಮಕ್ಕಳ ಮನೆಯಲ್ಲಿ ಈ ಚುನಾವಣೆ ಹೇಗೆ ನಡೆಯುತ್ತಿತ್ತು? ಚಿತ್ರ ಆ ಕಡೆ ತಿರುಗಿ ನೋಡುವುದಿಲ್ಲ.

ಎರಡನೆಯದು ಇನ್ನೂ ಸೂಕ್ಷ್ಮ. ಮಕ್ಕಳ ಸ್ವಾತಂತ್ರ್ಯಕ್ಕೆ ಮತಪೆಟ್ಟಿಗೆ ಬಂತು. ಅಮ್ಮನ ಸ್ವಾತಂತ್ರ್ಯಕ್ಕೆ ಬರಲಿಲ್ಲ. ತಮ್ಮ ಪ್ರೇಮದಲ್ಲಿ ಅಮ್ಮ ತಲೆ ಹಾಕಬಾರದು ಎನ್ನುವ ಮಕ್ಕಳಿಗೆ ಅಮ್ಮನೂ ಒಬ್ಬರನ್ನು ಇಷ್ಟಪಡಬಹುದು ಎಂಬುದು ಸುಲಭಕ್ಕೆ ಅರಗುವುದಿಲ್ಲ. ಚುನಾವಣೆಯಲ್ಲಿ ಗೆದ್ದವಳಿಗೆ ಬಹುಮಾನವಾಗಿ ಸಿಗುವುದು ಮತ್ತಷ್ಟು ಹೊಣೆ. ಮಗ ತನ್ನ ಬದುಕು ತನ್ನದೆಂದರೆ ಅದು ಹಕ್ಕು, ಅಮ್ಮ ಹಾಗೆಂದರೆ ಅದು ಸ್ವಾರ್ಥ ಎಂಬ ಲೆಕ್ಕಾಚಾರವನ್ನು ಚಿತ್ರ ಮುಟ್ಟುತ್ತದೆ, ಆದರೆ ಪೂರ್ತಿ ಒಡೆಯುವುದಿಲ್ಲ. ನಾಯಕನ ಜಾಗದಲ್ಲಿ ಅಪ್ಪ ಇದ್ದಿದ್ದರೆ ಅವನ ಎರಡನೆಯ ಮದುವೆ ಇಷ್ಟು ದೊಡ್ಡ ಪ್ರಶ್ನೆ ಆಗುತ್ತಿತ್ತೇ ಎಂದು ನೋಡುಗರು ತಮ್ಮನ್ನೇ ಕೇಳಿಕೊಳ್ಳಬೇಕು. 2024ರಲ್ಲಿ ಇದೇ ಹೆಸರಿನ ಧಾರಾವಾಹಿ ರಮ್ಜಾನ್ ತಿಂಗಳಲ್ಲಿ ಬಂತು. ಅದರಲ್ಲಿ ಖಾಲಿದ್ ಅಲ್ ನಬವಿ ಅಪ್ಪನ ಪಾತ್ರ ಮಾಡಿದರು. ಕಥೆ ಇಹ್ಸಾನ್ ಬರೆದ ಮೂಲಕ್ಕೆ ಮರಳಿತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಅವಕಾಶ ಈಗ ಇದೆ.

ಮೂರನೆಯ ಆಕ್ಷೇಪ, ಫಲಿತಾಂಶ ಮೊದಲೇ ಗೊತ್ತಿರುವ ಚುನಾವಣೆ ಇದು ಎಂಬುದು. ಅಮ್ಮನನ್ನು ಮಕ್ಕಳು ಸೋಲಿಸುವುದುಂಟೇ? ಅಧಿಕಾರದಲ್ಲಿ ಇರುವವರೇ ಮತ್ತೆ ಬರುತ್ತಾರೆ, ಜನ ಕೊನೆಗೆ ಅವರನ್ನೇ ಬಯಸುತ್ತಾರೆ ಎಂಬ ಸಮಾಧಾನವನ್ನು ಈ ಅಂತ್ಯ ಆಳುವವರಿಗೆ ಕೊಡುತ್ತದೆ ಎಂದು ವಾದಿಸಬಹುದು. ಆ ವಾದದಲ್ಲಿ ಹುರುಳಿದೆ. ಸಾದತ್ ಆಳ್ವಿಕೆಯ ಮೊದಲ ವರ್ಷಗಳಲ್ಲಿ ಇಂಥ ಅಂತ್ಯ ಯಾರಿಗೂ ನೋವು ಮಾಡುವಂಥದಾಗಿರಲಿಲ್ಲ.

ಬದಲಾದದ್ದು ಏನು

ಹಾಗಿದ್ದರೂ ಚಿತ್ರವನ್ನು ಅಷ್ಟಕ್ಕೇ ತಳ್ಳಿಹಾಕಲಾಗದು. ಚುನಾವಣೆಗೆ ಮೊದಲು ಮುನಾ ಮನೆ ನಡೆಸುತ್ತಿದ್ದದ್ದು ಹೆತ್ತವಳೆಂಬ ಕಾರಣಕ್ಕೆ. ಆಮೇಲೆ ನಡೆಸುವುದು ಮಕ್ಕಳು ಒಪ್ಪಿದ್ದಾರೆಂಬ ಕಾರಣಕ್ಕೆ. ಹೊರಗಿನಿಂದ ನೋಡಿದರೆ ವ್ಯತ್ಯಾಸ ಕಾಣದು. ಅದೇ ಅಮ್ಮ, ಅದೇ ಮನೆ. ಆದರೆ ಹೆತ್ತವಳ ಅಧಿಕಾರಕ್ಕೆ ಲೆಕ್ಕ ಕೊಡುವ ಹಂಗಿಲ್ಲ. ಒಪ್ಪಿಗೆಯಿಂದ ಬಂದ ಅಧಿಕಾರಕ್ಕೆ ಕಾರಣ ಹೇಳುವ ಹೊಣೆ ಇದೆ. ಒಮ್ಮೆ ಕೊಟ್ಟ ಒಪ್ಪಿಗೆಯನ್ನು ಮಕ್ಕಳು ಇನ್ನೊಮ್ಮೆ ತಡೆಹಿಡಿಯಬಹುದು. ಅದು ಅಮ್ಮನಿಗೂ ಗೊತ್ತು, ಮಕ್ಕಳಿಗೂ ಗೊತ್ತು.

ಮಕ್ಕಳೂ ಒಂದು ಪಾಠ ಕಲಿಯುತ್ತಾರೆ. ಬೇಡ ಎನ್ನುವುದು ಸುಲಭ. ಮನೆ ನಡೆಸುವ ಭಾರವನ್ನು ಯಾರ ಹೆಗಲಿಗೆ ಹಾಕಬೇಕು ಎಂದು ಯೋಚಿಸಿ ಗುರುತು ಹಾಕುವುದು ಕಷ್ಟ. ಮತ ಚಲಾಯಿಸುವ ಕ್ಷಣದಲ್ಲಿ ಅವರು ದೂರು ಹೇಳುವವರ ಸಾಲಿನಿಂದ ಹೊಣೆ ಹೊರುವವರ ಸಾಲಿಗೆ ಬರುತ್ತಾರೆ. ಅಮ್ಮ ಗೆದ್ದದ್ದು ಅವರ ಸೋಲಲ್ಲ. ಗೆಲ್ಲಿಸಿದವರು ಅವರೇ.

ಹದಿಹರೆಯದ ಮಕ್ಕಳಿರುವ ಪ್ರತಿಯೊಬ್ಬ ತಂದೆ ತಾಯಿ ಈ ಚಿತ್ರವನ್ನು ಮಕ್ಕಳ ಜೊತೆಯಲ್ಲೇ ಕೂತು ನೋಡಬೇಕು. ಮನೆಯಲ್ಲಿ ಮತಪೆಟ್ಟಿಗೆ ಇಡಿ ಎಂದು ಯಾರೂ ಹೇಳುತ್ತಿಲ್ಲ. ಆದರೆ ಅಪ್ಪಣೆ ಕೊಡುವಾಗ ಕಾರಣವನ್ನೂ ಹೇಳಿ, ಮಕ್ಕಳ ಕಾರಣವನ್ನೂ ಕೇಳಿ. ಅವರ ಮಾತು ಸರಿಯೆನಿಸಿದರೆ ನಿಮ್ಮ ತೀರ್ಮಾನ ಬದಲಿಸಿ. ಅಷ್ಟು ಮಾಡುವ ಮನೆಗೆ ಚುನಾವಣೆಯ ಅಗತ್ಯವೇ ಬೀಳುವುದಿಲ್ಲ.